ಕೆರಿಯಪ್ಪನ ಹೆಸರಿನ ಹಾಡು

ಶಿರಸಿಯ ಸುಮಂತ ಹೆಗಡೆಯ ಸ್ಟುಡಿಯೋ ಎಂದರೆ ಅವನ ಬಟ್ಟೆ ಕಪಾಟು. ಹೊರಗಿನ ಸದ್ದು ತಾಗದಂತೆ ರಜಾಯಿ ಹೊದ್ದು ಅದರೊಳಗೆ ಕೂತು, ಟ್ರ್ಯಾಪ್ ಎಂಬ ರ‍್ಯಾಪ್ ಬೀಟಿನ ಮೇಲೆ ಗೆಳೆಯರನ್ನು ಹಿಗ್ಗಾಮುಗ್ಗಾ ಜಾಡಿಸಿ, ಹಾಡನ್ನು ಆ್ಯಪುಗಳಿಗೆ ಏರಿಸುತ್ತಿದ್ದ. ಸಿದ್ದಾಪುರದ ಹತ್ತಿರದ ಬಿಳಗಿಯ ಗೆಳೆಯ ಮನೋಹರ ನಾಯ್ಕ ಅಷ್ಟೇ ಖಾರವಾಗಿ ಉತ್ತರ ಹಾಡುತ್ತಿದ್ದ. ಕೇಳುವವರು ಬೆರಳೆಣಿಕೆಯ ಹುಡುಗರು. ಇವರಿಬ್ಬರ ಮೆರೆದಾಟ ಮಾತ್ರ ಮೂರು ಲೋಕ ಗೆದ್ದವರದ್ದು.

ಇದರಲ್ಲಿ ತಪ್ಪಿದೆ ಎಂದು ಸುಮಂತನಿಗೆ ಅನಿಸಿದ್ದೇ ಇಲ್ಲ. ಅವನು ತಾಳಮದ್ದಲೆ ಕೇಳಿ ಬೆಳೆದವನು. ಅಲ್ಲಿ ಪುರಾಣದ ಪಾತ್ರಗಳಾಗಿ ವಾದಕ್ಕೆ ಕೂತ ಅರ್ಥಧಾರಿಗಳು ಎದುರಾಳಿಯ ವಂಶವನ್ನೇ ಜಾಲಾಡಿ, ಮಂಗಳ ಹಾಡಿದ ಮೇಲೆ ಒಂದೇ ಎಲೆಯಡಿಕೆ ಕವಳದ ತಟ್ಟೆಗೆ ಕೈ ಹಾಕುತ್ತಾರೆ. ಆಡಿದ್ದು ಅಲ್ಲಿಗೇ ಮುಗಿಯಿತು. ತನ್ನ ಹಾಡೂ ಹಾಗೇ ಎಂದು ನಂಬಿದ್ದ, ದಡ್ಡ. ಅಲ್ಲಿ ಬೈಯಿಸಿಕೊಳ್ಳುವವನು ಪುರಾಣದವನು. ಇವನು ಬೈದದ್ದು ಬದುಕಿರುವ ಕೆರಿಯಪ್ಪನನ್ನು.

ಕೆರಿಯಪ್ಪ ಮನೋಹರನ ಅಪ್ಪ. ಹಿಂದೆ ಶಿರಸಿಯ ಒಂದು ಅಡಿಕೆ ಮಂಡಿಯಲ್ಲಿ ಹಮಾಲಿ ಮಾಡುವಾಗ, ಮನೆಯಲ್ಲಿ ಒಲೆ ಉರಿಯದ ದಿನಗಳಲ್ಲಿ, ಒಂದು ಚೀಲ ಅಡಿಕೆ ಕದ್ದು ಸಿಕ್ಕಿಬಿದ್ದು ಕಂಬಕ್ಕೆ ಕಟ್ಟಿಸಿಕೊಂಡಿದ್ದ. ಅದನ್ನು ಮನೋಹರ ಬೇರೆ ಯಾರಿಗೂ ಹೇಳದೆ ಸುಮಂತನೊಬ್ಬನಿಗೆ, ಅಳುತ್ತ ಹೇಳಿದ್ದ. ಸುಮಂತ ಅದಕ್ಕೇ ಪ್ರಾಸ ಹಚ್ಚಿದ: 'ಕೆರಿಯಪ್ಪನ ಮಗನೇ, ಅಪ್ಪ ಕದ್ದ ಚೀಲ, ನೀ ಕದ್ದೆ ತಾಳ, ಕಂಬ ಇನ್ನೂ ಕಾಯ್ತಿದೆ ಬಾ.'

ಮನೋಹರ ಉತ್ತರ ಹಾಡಲಿಲ್ಲ. ಫೋನೂ ಎತ್ತಲಿಲ್ಲ. ತಾನು ಮಾಡಿದ್ದೇನೆಂದು ಸುಮಂತನಿಗೆ ಹೊಳೆದದ್ದು ಆಗಲೇ. ಎಲ್ಲ ಆ್ಯಪುಗಳಿಂದಲೂ ಹಾಡನ್ನು ತೆಗೆದುಹಾಕಿದ. ಮಾಯವಾಯಿತು ಅಂದದ್ದೇ ತಡ, ಹುಡುಗರಿಗೆ ಅದು ಇನ್ನಷ್ಟು ರುಚಿಯಾಯಿತು. 'ಬ್ಯಾನ್ ಆದ ಹಾಡು' ಎಂದು ಸಿದ್ದಾಪುರ, ಯಲ್ಲಾಪುರದ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಹರಿದಾಡಿತು. ಅಳಿಸಿ ಎಂದು ಇವನು ಅಂಗಲಾಚಿದಷ್ಟೂ ಅವರು ನಕ್ಕರು. ಕೆರಿಯಪ್ಪನ ಕಿವಿಗೆ ಬೀಳುವ ಮೊದಲೇ ಹೋಗಿ ಕಾಲು ಹಿಡಿಯಬೇಕೆಂದು ಬಿಳಗಿಗೆ ಬೈಕ್ ಹತ್ತಿದ.

ಕೆರಿಯಪ್ಪ ಅಂಗಳದಲ್ಲೇ ಇದ್ದ. ಇವನನ್ನು ಕಂಡು ಅವನ ಮುಖ ಅರಳಿತು.

"ಬನ್ನಿ ಬನ್ನಿ, ಸಣ್ಣ ಹೆಗಡೇರು! ಮನೋಹರ ಪ್ಯಾಟಿಗೆ ಹೋಗ್ಯಾನೆ. ನಿಮ್ ಹಾಡು ಈಗ ಎಲ್ಲೂ ಸಿಗಾದಿಲ್ವಂತಲ್ಲ? ನನ್ ಹತ್ರ ಐತೆ ನೋಡಿ. ಬಸ್‌ಸ್ಟ್ಯಾಂಡಿನ ಹುಡುಗ್ರು ನಗಾಡ್ತಾ ಹಾಕ್ಕೊಟ್ರು."

ಫೋನ್ ಒತ್ತಿದ. ಬೀಟು ಧಬಧಬ ಬಡಿಯಿತು. ಯಂತ್ರದಲ್ಲಿ ತಿರುಚಿದ ದನಿ, ಉಸಿರು ಬಿಡದೆ ಓಡುವ ಮಾತು. ಅದರಲ್ಲಿ ಕೆರಿಯಪ್ಪನಿಗೆ ಹಿಡಿಸಿದ್ದು ಒಂದೇ ಪದ.

"ಹಾಂ, ಕೇಳಿ! ಕೆರಿಯಪ್ಪ! ನನ್ ಹೆಸ್ರು ಹಾಡಿಗೆ ಹಾಕಿದೋರು ನೀವೊಬ್ರೇ. ಕೇರಿಗೆಲ್ಲ ಕೇಳಿಸ್ದೆ. ಆಮ್ಯಾಲೆ ಎಂತ ಬತ್ತದೆ ಅಂತ ಮಾತ್ರ ಗೊತ್ತಾಗದಿಲ್ಲ. ಸ್ವಲ್ಪ ನಿಧಾನಕ್ಕೆ ಹೇಳಿ."

ಕಾಲಿಗೆ ಬಗ್ಗಲು ಹೊರಟಿದ್ದ ಸುಮಂತ ಮತ್ತೆ ನೆಟ್ಟಗಾದ. ಈಗ ಕಾಲು ಹಿಡಿದರೆ ಯಾಕೆಂದು ಹೇಳಬೇಕಾಗುತ್ತದೆ. ಅಷ್ಟರಲ್ಲಿ ಮನೋಹರನ ತಾಯಿ ಲಕ್ಷ್ಮೀ ಚಹಾ ಹಿಡಿದು ಬಂದು ಬಾಗಿಲಲ್ಲೇ ನಿಂತಳು. ಅವಳ ಕಣ್ಣು ನೋಡಿದ ಕೂಡಲೇ ತಿಳಿಯಿತು, ಅವಳಿಗೆ ಪ್ರತಿಯೊಂದು ಮಾತೂ ಅರ್ಥವಾಗಿದೆ.

"ಕೆರಿಯಪ್ಪ ಮರ್ಯಾದಸ್ಥ, ಕಷ್ಟಪಟ್ಟು ಮಗನ್ನ ಓದಿಸ್ದ ಅಂತ ಹಾಡ್ಯಾರೆ," ಎಂದಳು ಗಂಡನಿಗೆ. ಆಮೇಲೆ ಇವನ ಕಡೆ ತಿರುಗಿ, "ಹೌದಲ್ರಾ, ಹೆಗಡೇರೇ?"

ಸುಮಂತ ನಾಚಿಕೆಯಿಂದ ಹೌದೆಂದು ತಲೆಯಾಡಿಸಿದ.

ಕೆರಿಯಪ್ಪ ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಬೀದಿಗೆಲ್ಲ ಕೇಳುವಂತೆ ಸೌಂಡು ಜಾಸ್ತಿ ಮಾಡಿದ.