ಗಂಟೆ ನಿಂತ ಮೇಲಿನ ಬಾಗಿಲು

ಮೇಲ್ಮನೆಯ ಬಾಗಿಲು ಕಾಯುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಹಿತ್ತಾಳೆ ಹಿಡಿಕೆ, ಅದೇ ಕುಂಟು ಸ್ಟೂಲು. ಮಸೂದೆಗಳು ಕೆಳಮನೆಯಲ್ಲಿ ಪಾಸಾಗಿ ನಮ್ಮಲ್ಲಿಗೆ ಬರುತ್ತವೆ. ನಮ್ಮವರು ಒಪ್ಪಬಹುದು, ಇಲ್ಲವೇ ತಿದ್ದಿ ವಾಪಸ್ ಕಳಿಸಬಹುದು. ಕೊನೆಯ ಮಾತು ಮಾತ್ರ ಕೆಳಗಿನವರದೇ. ಅದಕ್ಕೇ ನಮ್ಮಲ್ಲಿ ಅರ್ಧ ಜನ ಕ್ಯಾಂಟೀನಿನಲ್ಲೇ ಅಧಿವೇಶನ ಮುಗಿಸುತ್ತಾರೆ ಎಂದು ಮನೆಯಲ್ಲಿ ಆಡಿಕೊಳ್ಳುತ್ತಿದ್ದೆ.

ಆ ದಿನ ನಗು ಬರಲಿಲ್ಲ. ಬಂದಿದ್ದು ಗ್ರಂಥಾಲಯಗಳ ಮಸೂದೆ. ದಿನಕ್ಕೆ ನಲವತ್ತು ಪುಸ್ತಕವಾದರೂ ಓದುಗರ ಮನೆಗೆ ಹೋಗದಿದ್ದರೆ ಗ್ರಂಥಾಲಯ ಮುಚ್ಚಬೇಕು ಎಂದು ಅದರಲ್ಲಿತ್ತು. ನನ್ನ ಅಕ್ಕ ನೋಡಿಕೊಳ್ಳುವ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ದಿನಕ್ಕೆ ಹತ್ತು ಜನ. ಅಲ್ಲೇ ಕೂತು ಓದುವವರು ಎಂಬತ್ತು. ಅಂದರೆ ಅಕ್ಕನ ಬಾಗಿಲಿಗೆ ಬೀಗ. ಕೂತು ಓದುವವರನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು, ಶಿಕ್ಷಕರ ಕ್ಷೇತ್ರದಿಂದ ಆರಿಸಿಬಂದ ಮೇಷ್ಟ್ರೊಬ್ಬರು ತಿದ್ದುಪಡಿ ತಂದಿದ್ದರು. ಬೆಳಿಗ್ಗೆಯಿಂದ ಅಕ್ಕ ಮೂರು ಸಲ ಫೋನ್ ಮಾಡಿದ್ದಳು.

ಮೇಷ್ಟ್ರು ಅರ್ಧ ಗಂಟೆ ಚೆನ್ನಾಗಿ ಮಾತಾಡಿದರು. ಗಂಟಲು ಕಟ್ಟಿತೆಂದು ಬಿಸಿನೀರು ಕುಡಿಯಲು ಕ್ಯಾಂಟೀನಿಗೆ ಹೋದರು. ಅಷ್ಟರಲ್ಲಿ ತಿದ್ದುಪಡಿಯನ್ನು ಮತಕ್ಕೆ ಹಾಕುವ ಗಂಟೆ ಶುರುವಾಯಿತು. ಅದು ಎರಡು ನಿಮಿಷ ಬಾರಿಸುತ್ತದೆ. ನಿಂತ ಕೂಡಲೇ ಬಾಗಿಲು ಹಾಕಬೇಕು. ಆಮೇಲೆ ಒಳಗಿದ್ದವರದಷ್ಟೇ ಮತ.

ಮೇಷ್ಟ್ರು ಮಂಡಿನೋವಿನ ಕಾಲನ್ನು ಎಳೆದುಕೊಂಡು ಬರುತ್ತಿದ್ದರು. ಇನ್ನೂ ಹತ್ತು ಹೆಜ್ಜೆ ಇತ್ತು, ಗಂಟೆ ನಿಂತಿತು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಅಕ್ಕನ ಮುಖ ಕಣ್ಣಮುಂದೆ ಬಂತು. ಆದರೂ ಬಾಗಿಲು ಹಾಕಿಬಿಟ್ಟೆ. ಹಿಂದೆ ತಡವಾಗಿ ಬಂದ ಮಂತ್ರಿಗಳ ಮುಖಕ್ಕೂ ಹಾಕಿದ ಬಾಗಿಲು ಅದು.

ತಲೆ ಎಣಿಸಿದರು. ಆ ಕಡೆ ಮೂವತ್ತೊಂದು, ಈ ಕಡೆಯೂ ಮೂವತ್ತೊಂದು. ಹೀಗೆ ಸಮ ಬಂದಾಗ ಮಾತ್ರ ಸಭಾಪತಿಗೆ ಮತ. ನಮ್ಮ ಸಭಾಪತಿ ಅಮ್ಮನವರು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮತ ಹಾಕಿದವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

"ಕೆಳಗಿನವರು ಇನ್ನೊಂದ್ಸಲ ಯೋಚ್ನೆ ಮಾಡ್ಲಿ. ಅದಕ್ಕೇ ತಾನೇ ನಾವಿರೋದು? ನನ್ನ ಮತ ತಿದ್ದುಪಡಿಗೆ," ಎಂದರು.

ಬಾಗಿಲು ತೆಗೆದಾಗ ಮೇಷ್ಟ್ರು ಗೋಡೆಗೆ ಒರಗಿ ನಿಂತಿದ್ದರು. ಗೆದ್ದೆವು ಎಂದೆ, ತಪ್ಪಾಯಿತು ಎಂದೂ ಅಂದೆ.

"ನೀನು ಬಿಟ್ಟಿದ್ರೆ ನಾಳೆ ಆ ಮತಾನೇ ತಕರಾರಾಗ್ತಿತ್ತು ಕಣಪ್ಪ," ಎಂದು ಅವರು ಬೆನ್ನು ತಟ್ಟಿದರು. ಕೆಳಮನೆಯವರು ಒಂದು ವಾರ ಗೊಣಗಿ, ಕೊನೆಗೆ ಒಪ್ಪಿಕೊಂಡರು.

ಭಾನುವಾರ ಅಕ್ಕನ ಗ್ರಂಥಾಲಯಕ್ಕೆ ಹೋಗಿ ಬಾಗಿಲಿನ ಕಥೆ ಹೇಳಿದೆ. ಅವಳು ನನ್ನನ್ನು ಕಿಟಕಿಯ ಪಕ್ಕ ಕೂರಿಸಿ, ಕೈಗೊಂದು ಪತ್ತೇದಾರಿ ಕಾದಂಬರಿ ಕೊಟ್ಟು, ಕೂತು ಓದುವವರ ಸಾಲಿನಲ್ಲಿ ನನ್ನನ್ನೂ ಬರೆದುಕೊಂಡಳು. ಕೊಲೆಗಾರ ಯಾರೆಂದು ತಿಳಿಯಲು ಎರಡು ಪುಟ ಇರುವಾಗ ಫ್ಯಾನ್ ನಿಂತಿತು.

"ಎರಡೇ ಪುಟ ಅಕ್ಕ," ಎಂದೆ.

"ಆರು ಗಂಟೆ ಆಯ್ತು. ಏಳು, ಬಾಗಿಲು ಹಾಕ್ಬೇಕು."

ಗೊಣಗಿಕೊಂಡೇ ಎದ್ದೆ. ನಾಳೆ ಒಂಬತ್ತಕ್ಕೆ ಅವಳು ಮತ್ತೆ ತೆಗೆಯುತ್ತಾಳಲ್ಲ, ನನಗೆ ಅಷ್ಟು ಸಾಕು.