ಮೂರು ಸೋಮವಾರಗಳ ಮರ

ಈ ಭೂಮಿಯ ಮೇಲಿರುವ ಎಲೆಗಳನ್ನು ಒಂದೂ ಬಿಡದೆ ಎಣಿಸಿ ಮುಗಿಸಿದವನು ನಾನೊಬ್ಬನೇ. ಎರಡು ಸಲ ಎಣಿಸಿದ್ದೇನೆ. ಮೊದಲ ಸಲ ಒಂದು ಹೆಚ್ಚು ಬಂದಿತ್ತು. ಆ ಸುಸ್ತಿಗೇ ಶಾಲೆಯ ಕಂಪ್ಯೂಟರ್ ಕೋಣೆಯ ಕುರ್ಚಿಗೆ ಹೀಗೆ ಅಂಟಿಕೊಂಡಿದ್ದೇನೆ. ಇಲ್ಲಿ ಯಂತ್ರಗಳನ್ನು ನೋಡಿಕೊಳ್ಳುವವನು ನಾನು. ನಾನಿಲ್ಲದಿದ್ದರೆ ಅವು ಊಟ ಬಿಡುತ್ತವೆ.

ಕಂಪ್ಯೂಟರಿಗೆ ಎಲೆ ಎಣಿಸಲು ಕಲಿಸಿದವಳು ಮಾತ್ರ ನನ್ನ ಅಕ್ಕನ ಮಗಳು. ಒಂಬತ್ತನೇ ತರಗತಿ. ನಾಲಿಗೆ ಚೂಪಾದ್ದರಿಂದ ‘ಗುಂಡುಸೂಜಿ’ ಎಂದು ಹೆಸರಿಟ್ಟಿದ್ದೇನೆ. ಆಟದ ಬಯಲಿನಾಚೆ ಸಿಮೆಂಟ್ ಕಲಸುವ ಅಂಗಳವಿದೆ. ಅದರ ದೂಳಿಗೆ ಪಕ್ಕದ ಮರ ಬೋಳಾಗುತ್ತಿದೆ ಎಂಬುದು ಅವಳ ವಾದ. ಪ್ರತಿ ಸೋಮವಾರ ತಾರಸಿಯ ಒಂದೇ ಜಾಗದಿಂದ ಮರದ ಫೋಟೋ ತೆಗೆಯಬೇಕು. ಅದರಲ್ಲಿನ ಹಸಿರು ಚುಕ್ಕಿಗಳನ್ನು ಕಂಪ್ಯೂಟರ್ ಎಣಿಸುತ್ತದೆ. ಹನ್ನೆರಡು ವಾರದ ಲೆಕ್ಕ ತೋರಿಸಿದರೆ ಅಂಗಳದ ಸುತ್ತ ಪರದೆ ಕಟ್ಟಿಸುತ್ತೇನೆಂದು ನಗರಸಭೆಯ ಅಧಿಕಾರಿ ಮಾತು ಕೊಟ್ಟಿದ್ದರು. ಅವರು ನಾಳೆಯೇ ಬರುವವರಿದ್ದಾರೆ. ಮಕ್ಕಳು ತಾರಸಿಗೆ ಹೋಗುವಂತಿಲ್ಲ, ಹಾಗಾಗಿ ಫೋಟೋ ನನ್ನ ಪಾಲಿಗೆ ಬಂದಿತ್ತು.

ಇವತ್ತು ಸಂಜೆ ಅವಳು ಒಂದು ವಾರದ ಚಿತ್ರದಿಂದ ಮುಂದಿನ ವಾರದ ಚಿತ್ರವನ್ನು ಕಳೆಯುತ್ತ ಕೂತಳು. ಹಾಗೆ ಕಳೆದಾಗ ಬದಲಾದದ್ದು ಮಾತ್ರ ಬೆಳ್ಳಗೆ ಉಳಿಯುತ್ತದೆ, ಉಳಿದದ್ದೆಲ್ಲ ಕಪ್ಪು. ಎಂಟು ಸಲ ತೆರೆಯ ಮೇಲೆ ಎಲೆಗಳು ಬೆಳ್ಳಗೆ ಉದುರಿದವು. ಆಮೇಲೆ ಕಪ್ಪು. ಬರೀ ಕಪ್ಪು.

“ಮಾವ, ಮೂರು ವಾರ ಗಾಳೀನೇ ಬೀಸಿಲ್ವಾ?”

“ನಾನು ಕ್ಯಾಮೆರಾ ಹಿಡಿದ್ರೆ ಗಾಳಿ ಉಸಿರು ಬಿಗಿ ಹಿಡಿಯುತ್ತೆ ಕಣೇ.”

ಅವಳು ಕೊನೆಯ ವಾರಗಳ ಫೋಟೋಗಳನ್ನೇ ಪಕ್ಕಪಕ್ಕ ತೆರೆದಳು. “ಈ ಕಾಗೆ? ಮೂರು ವಾರದಿಂದ ಅದೇ ಕೊಂಬೆ ಮೇಲೆ, ಅದೇ ಕಾಲೆತ್ಕೊಂಡು ಕೂತಿದೆಯಲ್ಲ!”

“ಅದಾ? ನನ್ನ ಶಿಷ್ಯ. ಸೋಮವಾರ ಬಂದು ಹಾಜರಿ ಹಾಕಿ ಹೋಗುತ್ತೆ.”

ಅವಳು ನಗಲಿಲ್ಲ. ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಅಧಿಕಾರಿ ಇದನ್ನ ನೋಡಿದ್ರೆ ಮುಗೀತು ಮಾವ. ಉಳಿದ ಒಂಬತ್ತು ವಾರಾನೂ ಸುಳ್ಳು ಅಂತಾರೆ. ಮರ ಹೋಗುತ್ತೆ.”

ಬಾಯಿ ತೆರೆದೆ. ಇನ್ನೂ ನಾಲ್ಕು ಬುರುಡೆ ಸಿದ್ಧವಿದ್ದವು; ಒಂದನ್ನೂ ಎತ್ತುವ ಶಕ್ತಿ ಇರಲಿಲ್ಲ.

“ಆ ಮೂರು ವಾರ ತಾರಸಿ ಹತ್ತಿಲ್ಲಮ್ಮ,” ಎಂದೆ. “ತೊಂಬತ್ತಾರು ಮೆಟ್ಟಿಲು. ಒಂಬತ್ತು ವಾರ ಹೇಗೋ ಹತ್ತಿದೆ, ಈಗ ಎರಡನೇ ಮಹಡಿಗೇ ಮಂಡಿ ಕೈಕೊಡುತ್ತೆ. ಒಂಬತ್ತನೇ ವಾರದ ಫೋಟೋಗೇ ಹೊಸ ತಾರೀಕು ಹಾಕಿ ಹಾಕಿ ಕೊಟ್ಟೆ. ನಿನ್ನ ಮುಂದೆ ಇಷ್ಟೆಲ್ಲ ಕೊಚ್ಕೊಂಡು, ಮೆಟ್ಟಿಲು ಹತ್ತೋಕಾಗಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ? ಆ ಮೂರನ್ನ ತೆಗೆದುಬಿಡು. ಒಂಬತ್ತು ನಿಜ, ಮೂರು ಈ ಮುದುಕನ ಸೋಮಾರಿತನ ಅಂತ ನಾಳೆ ಅಧಿಕಾರಿಗೆ ನಾನೇ ಹೇಳ್ತೀನಿ.”