ಗಂಜಿ ಊಟವಲ್ಲ

ನನಗೆ ವಿಷಮಜ್ವರ ಬಂದದ್ದು ಎಂಬತ್ನಾಲ್ಕರಲ್ಲಿ, ತಿರ್ಲಾಪುರಕ್ಕೆ ಸೊಸೆಯಾಗಿ ಬಂದ ವರ್ಷ, ಹತ್ತಿ ಒಡೆಯುವ ಕಾಲಕ್ಕೆ. ನಮ್ಮ ಅತ್ತೆ ಫಕೀರವ್ವ ಊರಿಗೆಲ್ಲ ಜ್ವರದ ಕಷಾಯ ಕೊಡುವವಳು. ಅಮೃತಬಳ್ಳಿ ಜಜ್ಜಿ ಕುದಿಸಿದ ಆ ಕಹಿ ಇವತ್ತಿಗೂ ನನ್ನ ನಾಲಿಗೆ ಬಿಟ್ಟು ಹೋಗಿಲ್ಲ. ಕಷಾಯದ ಜೊತೆಗೆ ಪಥ್ಯ ಬೇರೆ. ಜ್ವರ ಬಿಡುವ ತನಕ ರೊಟ್ಟಿಯಿಲ್ಲ, ಅನ್ನವಿಲ್ಲ, ಬರೀ ತಿಳಿ ಗಂಜಿ.

ನಮ್ಮ ಮನೆಯವರು ಸುಮ್ಮನಿರದೆ ನನ್ನನ್ನು ಚಕ್ಕಡಿಯಲ್ಲಿ ಮಲಗಿಸಿಕೊಂಡು ಹೋಗಿ ನವಲಗುಂದದ ಡಾಕ್ಟರಿಗೆ ತೋರಿಸಿ ತಂದರು. ಡಾಕ್ಟರು ಗುಳಿಗೆ ಕೊಟ್ಟು, "ಮೂರು ಹೊತ್ತು, ಊಟ ಆದಮ್ಯಾಲ. ತಪ್ಪಸಬ್ಯಾಡ್ರಿ" ಅಂದಿದ್ದರು. ಅತ್ತೆ ಸಿಟ್ಟಾಗುತ್ತಾಳೆಂದು ಹೆದರಿದ್ದೆ. ಆಕೆ ಗುಳಿಗೆಯ ಪೊಟ್ಟಣವನ್ನು ಎರಡೂ ಕೈಯಿಂದ ತೆಗೆದುಕೊಂಡು ಗೋಡೆಯಲ್ಲಿದ್ದ ದೇವರ ಮಾಡಿನಲ್ಲಿಟ್ಟಳು.

"ಅವರ ಔಷಧಕ್ಕ ಅವರ ಪಥ್ಯ, ನಂದಕ್ಕ ನಂದು. ಎರಡೂ ನಡೀಲಿ" ಅಂದಳು.

ಮರುದಿನ ನಮ್ಮವರು ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋದರು. ಆಮೇಲಿನ ನಾಲ್ಕು ದಿನ ನಾನು ಮನೆಯಲ್ಲಿದ್ದೆನೋ ಹೊಲದಲ್ಲಿದ್ದೆನೋ ದೇವರೇ ಬಲ್ಲ. ಕಣ್ಣು ಮುಚ್ಚಿದರೆ ಗೋಡೆಯಿಲ್ಲ, ಬದುವಿಲ್ಲ, ಮುಗಿಲಿನ ತನಕ ಬೆಳ್ಳಗೆ ಅರಳಿದ ಹತ್ತಿ. ಹತ್ತಿ ಬಿಡಿಸುವ ಹೆಂಗಸರೆಲ್ಲ ಬುತ್ತಿ ಬಿಚ್ಚಿ ಕುಳಿತಿದ್ದಾರೆ. ಯಾರೂ ನನ್ನನ್ನು ಊಟಕ್ಕೆ ಕರೆಯುತ್ತಿಲ್ಲ. ನಾನು ಅವರನ್ನು ದಾಟಿ ನಡೆಯುತ್ತಿದ್ದೆ, ನಡೆದಷ್ಟೂ ಹಗುರಾಗುತ್ತಿದ್ದೆ. ಕಾಲಿಗೆ ಎರೆಮಣ್ಣು ಹತ್ತುತ್ತಲೇ ಇರಲಿಲ್ಲ. ಆಗ ಅದು ಬಹಳ ಸುಖವೆನಿಸಿತ್ತು. ಈಗ ನೆನೆದರೆ ಹೆದರಿಕೆಯಾಗುತ್ತದೆ.

ಐದನೆಯ ದಿನ ಡಾಕ್ಟರ ಕಂಪೌಂಡರ್ ಇಮಾಮುದ್ದೀನ ಸೈಕಲ್ ಮೇಲೆ ನೋಡಲು ಬಂದ. ನನ್ನ ಹಣೆ ಮುಟ್ಟಿ ಗಾಬರಿಯಾಗಿ ಪೊಟ್ಟಣ ತರಿಸಿದ. ಒಂದು ಗುಳಿಗೆಯೂ ಕಡಿಮೆಯಾಗಿರಲಿಲ್ಲ.

"ಯವ್ವಾ, ಗುಳಿಗಿ ಯಾಕ ಕೊಟ್ಟಿಲ್ಲ?"

"ಊಟ ಆದಮ್ಯಾಲ ಅಂದಾರಲ್ರಿ. ಆಕಿ ಊಟಾನ ಮಾಡಿಲ್ಲ."

"ಗಂಜಿ ಕೊಡಾಕತ್ತೀರಲ್ಲ?"

"ಗಂಜಿ ಕುಡಿಯೂದ್ರಿ. ಅದಕ್ಕ ಯಾರರ ಊಟ ಅಂತಾರೇನು?"

ನಮ್ಮ ಅತ್ತೆಯ ನಿಷ್ಠೆಗೆ ಏನನ್ನಬೇಕು! ಡಾಕ್ಟರ ಮಾತನ್ನು ಆ ಡಾಕ್ಟರೇ ಅಷ್ಟು ಪಾಲಿಸುತ್ತಿರಲಿಲ್ಲ. ದಿನವೂ ಮೂರು ಹೊತ್ತು ಮಾಡಿನ ಮುಂದೆ ನಿಂತು, ಇನ್ನೂ ಊಟವಾಗಿಲ್ಲವೆಂದು ಬರಿಗೈಯಲ್ಲಿ ತಿರುಗಿ ಬರುತ್ತಿದ್ದಳಂತೆ.

ಇಮಾಮುದ್ದೀನ ಬೈಯಲಿಲ್ಲ. ತಲೆಯ ಮೇಲೆ ಕೈ ಹೊತ್ತು ಕುಳಿತ.

"ನಿಮ್ಮ ಕಷಾಯ ಇರವಲ್ದ್ಯಾಕ, ಪಥ್ಯಾನೂ ಇರಲಿ. ಆದ್ರ ಇವತ್ತಿಂದ ಗಂಜೀನ ಈಕಿ ಊಟ ಅಂತ ತಿಳೀರಿ. ಇಲ್ಲಾಂದ್ರ ಈಕಿ ಉಳಿಯೂದಿಲ್ಲ ಯವ್ವಾ."

ಅತ್ತೆ ಎದ್ದು ಒಳಗೆ ಹೋದಳು. ಗಂಜಿಯನ್ನು ಲೋಟಕ್ಕೆ ಸುರಿಯದೆ ಊಟದ ಗಂಗಾಳಕ್ಕೆ ಬಡಿಸಿದಳು. ಬಾಜು ನೀರಿನ ತಂಬಿಗೆ ಇಟ್ಟಳು, ಮಣೆ ಹಾಕಿದಳು, ಹಬ್ಬದ ದಿನ ಮಾಡುವ ಹಾಗೆ ಎಲ್ಲವನ್ನೂ ಮಾಡಿದಳು. ಆಮೇಲೆ ಕರೆದಳು.

"ಲಕ್ಷ್ಮವ್ವಾ, ಉಣ್ಣಾಕ ಬಾ ನನ್ನವ್ವ."

ಹತ್ತಿ ಹೊಲದ ಕೊನೆಯಲ್ಲಿ ನನಗೆ ಆ ದನಿ ಕೇಳಿತು. ತಿರುಗಿದೆ. ಕಾಲಿಗೆ ಮಣ್ಣು ಹತ್ತತೊಡಗಿತು, ಒಂದೊಂದು ಹೆಜ್ಜೆಯೂ ಭಾರ. ಕಣ್ಣು ಬಿಟ್ಟಾಗ ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಉಣಿಸುತ್ತಿದ್ದಳು. ಆಕೆಯ ಕಣ್ಣೀರು ಗಂಗಾಳಕ್ಕೇ ಬೀಳುತ್ತಿತ್ತು.

"ಊಟ ಆತೇನವ್ವಾ?"

"ಆತ್ರೀ ಅತ್ತಿ."

ಆಕೆಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿಸಿಕೊಂಡ ಮೇಲೆಯೇ ಗುಳಿಗೆಯನ್ನು ನನ್ನ ನಾಲಿಗೆಯ ಮೇಲಿಟ್ಟಳು.